ತವರಿನ ರೇಡಿಯೋ

ಮದುವೆಯಾದ ಐವತ್ತೈದನೇ ವರ್ಷಕ್ಕೆ ಹೆಂಡತಿಗೆ ಮರೆವಿನ ಕಾಯಿಲೆ ಅಮರಿಕೊಂಡಿತು. ಹಳೇ ಸಾಮಾನು ಕಂಡರೆ ನೆನಪು ಮರಳೀತೆಂದು ಯಾರೋ ಅಂದದ್ದೇ ತಡ, ಶಿವನಂಜಯ್ಯನವರು ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಅವಳ ತವರಿನಲ್ಲಿ ಇದ್ದಂಥವನ್ನೇ ಹುಡುಕಿ ತಂದರು. ಹಿತ್ತಾಳೆ ರೆಕ್ಕೆಯ ಫ್ಯಾನು ತಂದರು, ಇದ್ದಿಲ ಇಸ್ತ್ರಿಪೆಟ್ಟಿಗೆ ತಂದರು. ಅವಳು ಕಣ್ಣೆತ್ತಿಯೂ ನೋಡಲಿಲ್ಲ.

ಕೊನೆಗೊಂದು ವಾಲ್ವ್ ರೇಡಿಯೋ ಸಿಕ್ಕಿತು. ಗುಂಡಿ ತಿರುವಿದರು. ಅದು ನಿಧಾನಕ್ಕೆ ಬಿಸಿಯೇರಿ ಗುಂಯ್‌ಗುಟ್ಟಿದಾಗ ಅವಳ ಮುಖ ಅರಳಿತು.

“ನಮ್ಮನೆ ರೇಡಿಯೋ!”

“ಹೌದು ಕಣೇ, ನಿಮ್ಮನೇದೇ!” ಅವರು ಅವಳ ಹತ್ತಿರ ಸರಿದು ಕೂತರು. “ನಾನ್ಯಾರು, ಹೇಳು ನೋಡೋಣ?”

ಅವಳು ತಟ್ಟನೆ ಎದ್ದು, ಸೆರಗು ಸರಿಮಾಡಿಕೊಂಡು, ಬಾಗಿಲ ಮರೆಗೆ ಹೋಗಿ ನಿಂತಳು.

“ಅಪ್ಪ ಮನೇಲಿಲ್ಲ. ಆಮೇಲೆ ಬನ್ನಿ.”