ಬೀಗಿತ್ತಿ ಕರೆಯದೆ

ಅಳಿಯ ಲಿಯಾಂಗನ ಊರಿಗೆ ಮೂರು ಟಿಕೆಟ್ ಬುಕ್ ಮಾಡಲು ಮಗಳು ವಸುಧಾ ಫೋನಿನ ಮೇಲೆ ಬೆರಳಿಟ್ಟಾಗ ವಿಶಾಲಮ್ಮ, "ನನಗೆ ಬೇಡ, ನೀವಿಬ್ಬರೇ ಹೋಗ್ಬನ್ನಿ" ಎಂದುಬಿಟ್ಟರು.

"ಮಂಡಿನೋವಿಗೆ ಹೆದರಿದ್ಯಾ? ಚೋಂಗ್‌ಚಿಂಗ್ ಬೆಟ್ಟದ ಊರೇ, ಆದ್ರೆ ಎಸ್ಕಲೇಟರ್ ಇದೆ, ನದಿ ದಾಟೋಕೆ ಕೇಬಲ್ ಕಾರ್ ಇದೆ."

"ಮಂಡಿ ಮನೆ ಹಾಳಾಗ್ಲಿ. ಬೀಗಿತ್ತಿ ಒಂದು ಮಾತು ಕರೀದೆ ಅವರ ಮನೆಗೆ ಹೇಗೆ ಹೋಗೋದೇ?"

"ಅವರಿಗೆ ಕನ್ನಡ ಬರಲ್ಲ, ನಿನಗೆ ಚೈನೀಸ್ ಬರಲ್ಲ. ಹೇಗಮ್ಮ ಕರೀತಾರೆ?" ವಸುಧಾ ನಕ್ಕಳು. ಲಿಯಾಂಗ್ ನಗಲಿಲ್ಲ. ಹೆಂಡತಿಯಿಂದ ವಿಷಯ ತಿಳಿದು, ತಾಯಿಗೆ ವಿಡಿಯೋ ಕಾಲ್ ಮಾಡಿ ಎಲ್ಲವನ್ನೂ ಹೇಳಿದ. ಇವರಿದ್ದ ಅಮೆರಿಕದ ಲಿವೋನಿಯಾದಲ್ಲಿ ಸಂಜೆ, ಅಲ್ಲಿ ಆಗಷ್ಟೇ ಬೆಳಗು.

ಬೀಗಿತ್ತಿ ಫೋನನ್ನು ಗಂಡನ ಕೈಗೆ ಕೊಟ್ಟು, ಎರಡು ಬಿದಿರಿನ ಸ್ಟೂಲು ಎತ್ತಿಕೊಂಡು ಹೊರಗೆ ಬಂದರು. ನದಿಯಿಂದ ಮನೆಗೆ ಹತ್ತಿಬರುವ ಕಲ್ಲುಮೆಟ್ಟಿಲುಗಳ ನಡುವೆ, ದಣಿದವರು ಕೂರುವಂತೆ ಅವನ್ನು ಜೋಡಿಸಿದರು. ಒಂದರಲ್ಲಿ ತಾವು ಕೂತು, ಇನ್ನೊಂದರ ಮೇಲೆ ಆಗಲೇ ಕೂತ ಮಂಜಿನ ಹನಿಯನ್ನು ತೋಳಿನಿಂದ ಒರೆಸಿ, ಫೋನಿನತ್ತ ಎರಡೂ ಕೈ ಚಾಚಿದರು.

ಇದನ್ನೆಲ್ಲ ನೋಡುತ್ತಿದ್ದ ವಿಶಾಲಮ್ಮ ಎದ್ದು ನಿಂತು ಸೆರಗು ಹೊದ್ದುಕೊಂಡರು. ಮಗಳನ್ನೂ ಅಳಿಯನನ್ನೂ ಬಿಟ್ಟು, ನೇರ ಪರದೆಗೇ ಕನ್ನಡದಲ್ಲಿ ಹೇಳಿದರು: "ಬರ್ತೀನ್ರೀ, ಬರ್ತೀನಿ. ಚಳೀಲಿ ಅಲ್ಲೇ ಕಾಯ್ತಾ ಕೂರ್ಬೇಡಿ, ಒಳಗೆ ಹೋಗಿ."