ಕದ್ದ ಪ್ರಸಂಗ

ಚರ್ಚಿನಲ್ಲಿ ಹೊಸ ಪಾದ್ರಿಯ ಭಾನುವಾರದ ಪ್ರಸಂಗ ಕೇಳುತ್ತಿದ್ದಂತೆ, ಮುಂದಿನ ಬೆಂಚಿನಲ್ಲಿದ್ದ ನಿವೃತ್ತ ಪಾದ್ರಿ ಜಯಶೀಲರು ಹುಬ್ಬು ಗಂಟಿಕ್ಕಿದರು. ಪದಕ್ಕೆ ಪದ ಆ ಆಂಗ್ಲಿಕನ್ ದೈವಶಾಸ್ತ್ರದ ದಪ್ಪ ಪುಸ್ತಕದ್ದೇ! ಊರಿಗೆಲ್ಲ ಅದರ ಪ್ರತಿ ಒಂದೇ, ಪಾದ್ರಿಗಳಾಗುವವರು ಓದುವ ಸೆಮಿನರಿಯ ಲೈಬ್ರರಿಯದು. ಕಳ್ಳನನ್ನು ಎರವಲು ಕಾರ್ಡಿನ ಸಮೇತ ಹಿಡಿಯಬೇಕೆಂದು ಸೋಮವಾರ ಬೆಳಿಗ್ಗೆಯೇ ಅಲ್ಲಿಗೆ ಹೋದರು.

"ಆ ಪುಸ್ತಕ ಯಾರ ಹೆಸರಲ್ಲಿದೆ ನೋಡಮ್ಮ."

ಲೈಬ್ರರಿಯನ್ ಕೃಪಾವತಿ ಕಾರ್ಡು ತೆಗೆದು ನೋಡಿ ತಡವರಿಸಿದಳು.

"ಹೆದರ್ಬೇಡ, ಹೇಳು. ಬಿಷಪ್ಪರ ಹತ್ರ ನಾನೇ ಮಾತಾಡ್ತೀನಿ."

"ನಿಮ್ಮ ಹೆಸರಲ್ಲೇ ಇದೆ, ಅಯ್ಯನೋರೇ. ಇಪ್ಪತ್ತೆಂಟು ವರ್ಷ ಆಯ್ತು, ವಾಪಸ್ ಬಂದಿಲ್ಲ."

"ಮತ್ತೆ ನಿನ್ನೆ ಅದನ್ನೇ ಪ್ರಸಂಗ ಮಾಡಿದ ಆ ಹೊಸ ಪಾದ್ರಿಗೆಲ್ಲಿ ಸಿಕ್ತು?"

"ಅವರು ಆ ಪುಸ್ತಕ ಕಣ್ಣಲ್ಲೂ ನೋಡಿಲ್ಲ. ಚಿಕ್ಕೋರಿದ್ದಾಗ ನಿಮ್ಮ ಪ್ರಸಂಗಗಳನ್ನೆಲ್ಲ ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ರಂತೆ."