ಉಪ್ಪುನೀರಿಗೆ ಬಿದ್ದ ಬೀಜ

ಬದ್ರುದ್ದೀನ್ ಬಗ್ಗಿ ಉಪ್ಪಿನ ಚೀಲ ಇಳಿಸಿದ್ದೇ ತಡ, ಅವನ ಕೋಟಿನ ಜೇಬಿನಲ್ಲಿದ್ದ ಕೋಳಿಮೊಟ್ಟೆ ಒಡೆದು ಹಳದಿ ಲೋಳೆ ಪಾರ್ವತವ್ವನ ಅಂಗಳಕ್ಕೆ ತೊಟ್ಟಿಕ್ಕಿತು. ಆಗತಾನೆ ಸಾರಿಸಿದ ಅಂಗಳ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಬನವಾಸಿಯ ಆ ಓಣಿಯೊಳಗೆ ಮೊಟ್ಟೆ ಬಂದದ್ದು ಬಹುಶಃ ಅದೇ ಮೊದಲು.

“ಆತಲ್ಲ ಬೇಸಾಯ ಖಾತೆಯವರ ಪೂಜಿ!” ಪಾರ್ವತವ್ವನ ಮೈದುನ ವೀರಪ್ಪ ಕಟ್ಟೆಯ ಮೇಲಿಂದಲೇ ಕೂಗಿದ. “ಲಿಂಗ ಕಟ್ಟಿದ ಮನಿಗೆ ತತ್ತಿ ತಂದಾರ. ಅತ್ತಿಗಿ, ಇನ್ನಾದರೂ ಇವ್ರನ್ನ ಕಳಿಸು. ಉಪ್ಪಿಗಾಗಿ ದೇಶದ ಮಂದಿ ಜೇಲಿಗೆ ಹೊಂಟಾರ. ನೀ ನೋಡಿದರ ಬೀಜದ ಭತ್ತಾನ ಉಪ್ಪುನೀರಿಗೆ ಹಾಕ್ತೀನಿ ಅಂತೀ. ಉಪ್ಪು ಮುಟ್ಟಿದ ಬೀಜ ಎಲ್ಲೆರ ಹುಟ್ಟೀತೇನು?”

ಬದ್ರುದ್ದೀನನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶಿರಸಿಯ ಈ ತರುಣ ಧಾರವಾಡದಲ್ಲಿ ಒಕ್ಕಲುತನ ಕಲಿತು, ಸರಕಾರದ ಬೇಸಾಯ ಖಾತೆ ಸೇರಿ, ಬೀಜ ಆರಿಸುವ ಹೊಸ ಪದ್ಧತಿ ಹೇಳಿಕೊಡಲು ಹನ್ನೊಂದು ಮನೆಗಳ ಬಾಗಿಲು ತಟ್ಟಿದ್ದ. ಹನ್ನೊಂದೂ ಮನೆಯವರು ಮಜ್ಜಿಗೆ ಕೊಟ್ಟು ಸಾಗಹಾಕಿದ್ದರು. ಒಪ್ಪಿದವಳು ಈ ವಿಧವೆ ಒಬ್ಬಳೇ. ಅವಳಿಗಿದ್ದದ್ದು ಒಂದೆಕರೆ ಗದ್ದೆ, ಅದಕ್ಕೆಂದು ಉಳಿಸಿದ ಎರಡು ಬುಟ್ಟಿ ಬೀಜ. ಅದು ಕೆಟ್ಟರೆ ಬಿತ್ತಲು ಮನೆಯಲ್ಲಿ ಮತ್ತೊಂದು ಕಾಳಿರಲಿಲ್ಲ. ಬದ್ರುದ್ದೀನನದು ಪಗಾರದ ಧೈರ್ಯ. ಧೈರ್ಯ ಅನ್ನಬೇಕಾದ್ದು ಪಾರ್ವತವ್ವನದನ್ನು.

“ತಪ್ಪಾತವ್ವ,” ಎಂದ ಅವನು. “ಉಪ್ಪುನೀರಿನ ಹದ ನೋಡಾಕ ತತ್ತಿ ಬೇಕಿತ್ತು. ಅದು ತೇಲಿದರ ಹದ ಬಂತು ಅಂತ ಪುಸ್ತಕದಾಗ ಐತಿ. ಹಿತ್ತಲದಾಗ ಗುಟ್ಟಿಲೆ ನೋಡಬೇಕಂತಿದ್ದೆ. ಇರ್ಲಿ, ಇನ್ನೊಂದು ದಿನ ಬರ್ತೀನಿ.”

“ಯಾಕ, ಮಳಿ ನಿಮ್ಮ ದಾರಿ ಕಾಯತೈತೇನು? ಕೋಟು ಬಿಚ್ಚಿ ಬೇಲಿ ಮ್ಯಾಲ ಹಾಕ್ರಿ.” ಪಾರ್ವತವ್ವ ಲೋಳೆ ಬಿದ್ದ ಕಡೆ ಸೆಗಣಿನೀರು ಚೆಲ್ಲಿ ಬರಲು ಪೊರಕೆಯಿಂದ ತಿಕ್ಕಿದಳು. “ಹದ ಬಂದರ ಏನಾಗತೈತಿ, ಅದನ್ನ ಹೇಳ್ರಿ.”

“ಜೊಳ್ಳು, ಅರೆಗಾಳು ಎಲ್ಲಾ ತೇಲತಾವ. ಗಟ್ಟಿಕಾಳು ಅಷ್ಟೇ ಮುಳುಗತಾವ. ಬರೇ ನೀರಾದರ ಅರೆಗಾಳೂ ಮುಳುಗಿಬಿಡತಾವ.”

“ಹಂಗಾದರ ಭತ್ತದ ಸುದ್ದಿ ಕೋಳೀನ ಯಾಕ ಕೇಳಬೇಕ್ರಿ ಸಾಹೇಬ್ರ? ಭತ್ತಾನ ಕೇಳೂಣು.”

ಬಾನಿಗೆ ನೀರು ಸುರಿದು ಅವಳು ಮುಷ್ಟಿ ಮುಷ್ಟಿಯಾಗಿ ಉಪ್ಪು ಕದಡತೊಡಗಿದಳು. ಪ್ರತಿ ಸಲವೂ ನಾಲ್ಕಾರು ಕಾಳು ಭತ್ತ ಬಿಟ್ಟು, ತೇಲಿದ್ದನ್ನು ಹಲ್ಲಿನಿಂದ ಕಡಿದು ನೋಡಿದಳು. ಬರೀ ಹೊಟ್ಟು ಸಿಕ್ಕಿದಾಗ ಇನ್ನೊಂದು ಮುಷ್ಟಿ ಉಪ್ಪು. ಅರೆಗಾಳು ಸಿಕ್ಕಿದಾಗ ಮತ್ತೊಂದು. ಕೊನೆಗೆ ತೇಲಿ ಬಂದ ಕಾಳೊಂದು ಹಲ್ಲಿಗೆ ಕಟಕ್ಕೆಂದಿತು. ಗಟ್ಟಿಕಾಳೂ ತೇಲಿತೆಂದರೆ ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ಕೈ ನಿಲ್ಲಿಸಿ, ಒಂದು ಚೊಂಬು ನೀರು ಬೆರೆಸಿ, “ಈಗ ಹಾಕ್ರಿ ಬೀಜಾನ” ಎಂದಳು. ಬದ್ರುದ್ದೀನ್ ತಾನು ಕಲಿಸಲು ಬಂದವನು ಎಂಬುದನ್ನು ಮರೆತು ಬುಟ್ಟಿ ಎತ್ತಿ ಕೊಟ್ಟ.

ಎರಡೂ ಬುಟ್ಟಿಯ ಬೀಜ ನೀರಿಗೆ ಬಿತ್ತು. ಮೂರರಲ್ಲಿ ಒಂದು ಪಾಲು ತೇಲಿ ನಿಂತಿತು. ಪಾರ್ವತವ್ವನ ಕೈ ಬಾನಿಯ ಅಂಚಿನಲ್ಲೇ ನಿಂತುಹೋಯಿತು.

“ಉಳಿದಿದ್ದು ನನ್ನ ಗದ್ದಿಗೆ ಸಾಲ್ತದೇನ್ರಿ?” ಎಂದು ಕೇಳಿದಳು.

“ಸಾಲ್ತದವ್ವ. ಒತ್ತೊತ್ತಾಗಿ ಚೆಲ್ಲಬ್ಯಾಡ್ರಿ, ತೆಳ್ಳಗ ಬಿತ್ತರಿ. ಮುಳುಗಿದ್ದು ಹುಟ್ಟೇ ಹುಟ್ಟತೈತಿ.”

ಅವನ ಮುಖವನ್ನೊಮ್ಮೆ ದಿಟ್ಟಿಸಿದಳು. ಆಮೇಲೆ ಸೆರಗು ಸಿಕ್ಕಿಸಿ, ತೇಲಿದ್ದನ್ನೆಲ್ಲ ಬಳಿದು ಮೊರಕ್ಕೆ ಹಾಕಿದಳು. ಮುಳುಗಿದ್ದನ್ನು ಉಪ್ಪು ಹೋಗುವಂತೆ ಬಾವಿನೀರಿನಲ್ಲಿ ಎರಡೆರಡು ಸಲ ತೊಳೆದಳು. ಮೊರದಲ್ಲಿದ್ದದ್ದು ಎಮ್ಮೆಗೆ ಎಂದಾಗ ವೀರಪ್ಪನಿಗೆ ತಡೆಯಲಾಗಲಿಲ್ಲ.

“ಬೀಜದ ಲಕ್ಷ್ಮೀನ ಎಮ್ಮಿಗೆ ಹಾಕ್ತಾರೇನು? ನಿನಗ ಬ್ಯಾಡಾದರ ನನಗಿರಲಿ.” ಮೊರವನ್ನು ಅವನೇ ಒಯ್ದ. ಉಪ್ಪಿನ ಸುಳಿವೂ ಇರಬಾರದೆಂದು ಏಳು ಸಲ ತೊಳೆದ. ಅದನ್ನು ತನ್ನ ಬೀಜಕ್ಕೆ ಸೇರಿಸಿ, ಅದರ ಬದಲಿಗೆ ಅಷ್ಟೇ ಅಳತೆಯ ತನ್ನ ಒಳ್ಳೆಯ ಬೀಜವನ್ನು ಉಣ್ಣಲಿಕ್ಕೆಂದು ಒಳಗೆ ಕೊಟ್ಟ. ಪುಕ್ಕಟೆ ಸಿಕ್ಕಿದ ಲಾಭಕ್ಕೆ ಅವನು ಎರಡು ದಿನ ಮೀಸೆಯಡಿಯಲ್ಲೇ ನಗುತ್ತಿದ್ದ.

ಒಂದೇ ಬದುವಿನ ಈಚೆ ಪಾರ್ವತವ್ವನ ಸಸಿಮಡಿ, ಆಚೆ ವೀರಪ್ಪನದು. ಹತ್ತನೆಯ ದಿನಕ್ಕೆ ಈಚೆ ಒಂದೇ ಎತ್ತರದ ಹಸಿರು. ಆಚೆ ಅಲ್ಲಲ್ಲಿ ಮಾತ್ರ ಹಸಿರು; ನಡುವಿನ ಬೋಳು ಕೆಸರಿನಲ್ಲಿ ಬೆಳ್ಳಕ್ಕಿಗಳು ಆರಾಮಾಗಿ ಓಡಾಡುತ್ತಿದ್ದವು. ಉಪ್ಪನ್ನು ಬೈಯೋಣವೆಂದರೆ, ಉಪ್ಪಿಗೆ ಬಿದ್ದ ಬೀಜವೇ ಈಚೆ ನಳನಳಿಸುತ್ತಿತ್ತು.

ನಾಟಿಯ ದಿನ ಬದ್ರುದ್ದೀನ್ ಬಂದ. ಅದೇ ಕೋಟು, ಜೇಬಿನ ಹಳದಿ ಕಲೆ ಹೋಗಿರಲಿಲ್ಲ. ಪಾರ್ವತವ್ವನ ಒಂದೆಕರೆಯೂ ನಾಟಿಯಾಗಿ ಎಂಟು ಕಟ್ಟು ಸಸಿ ಮಿಕ್ಕಿತ್ತು. ವೀರಪ್ಪನ ಕೊನೆಯ ಗದ್ದೆಗೆ ಸಸಿಯೇ ಇರಲಿಲ್ಲ. ಅವನು ಬದುವಿನ ಮೇಲೆ ಅತ್ತ ಇತ್ತ ನೋಡುತ್ತ ನಿಂತಿದ್ದ.

“ತಗೋ ವೀರಪ್ಪ,” ಎಂದು ಪಾರ್ವತವ್ವ ಎಂಟೂ ಕಟ್ಟುಗಳನ್ನು ಅವನ ಕೈಗೆ ಹೊರಿಸಿದಳು. ಕೆಸರುನೀರು ಅವನ ಎದೆಯ ಮೇಲೆ ಇಳಿಯಿತು.

ಅವನು ಹೊರಟವನು ಮತ್ತೆ ತಿರುಗಿದ. ಬದ್ರುದ್ದೀನನಿಗೆ ಕೇಳಿಸದಿರಲೆಂದು ದನಿ ತಗ್ಗಿಸಿ, “ಅತ್ತಿಗಿ, ಬರೋ ವರ್ಷ... ಉಪ್ಪು ಎಷ್ಟು ಹಾಕಬೇಕು?” ಎಂದ.

“ನನ್ನ ಯಾಕ ಕೇಳ್ತೀ?” ಪಾರ್ವತವ್ವ ಕೈಯ ಕೆಸರು ತೊಳೆಯುತ್ತ ಹೇಳಿದಳು. “ಭತ್ತಾನ ಕೇಳು.”